ನೀಲಿ ಕಾಳು

ಹಾರ ಹಾಕಲು ಬಾಗಿದ ಶೈಲಜಾಳ ಕೈ ಅಲ್ಲೇ ನಿಂತಿತು. ಗೋಡೆಗೊರಗಿಸಿ ಕೂರಿಸಿದ್ದ ಕರಿಬಸಪ್ಪನವರ ಹಣೆಯ ತುಂಬ ವಿಭೂತಿ. ನಿನ್ನೆ ಸಂಜೆ ಬೊಮ್ಮಸಂದ್ರದ ಲ್ಯಾಬಿನಿಂದ "ಬರ್ತೀನಿ ತಂಗಿ" ಎಂದು ಹೊರಟವರು, ಬೆಳಿಗ್ಗೆ ಕೆಲಸಕ್ಕೆ ಬರುವಾಗ ಸಿಂಗಸಂದ್ರದ ಬಸ್‌ಸ್ಟಾಪಿನಲ್ಲಿ ಕುಸಿದರಂತೆ. ಎಸ್‌ಟಿಡಿ ಬೂತಿನಿಂದ ಯಾರೋ ಲ್ಯಾಬಿಗೆ ಫೋನ್ ಮಾಡಿ ತಿಳಿಸುವಷ್ಟರಲ್ಲಿ ಜೀವ ಹೋಗಿತ್ತು.

ಮ್ಯಾನೇಜರ್ ಮಲ್ಲಿಕ್ ಪಕ್ಕದಲ್ಲಿ ಪಿಸುಗುಟ್ಟಿದರು. "ನಿನ್ನೆ ತಾನೇ ಇವರಿಗೆ ಮೆಮೊ ಕೊಟ್ಟೆ ಕಣಮ್ಮ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ತಪ್ಪು ರೀಡಿಂಗು. ನಾನು ತಡ್ಕೋಬಹುದಿತ್ತು."

ಶೈಲಜಾ ಹಾರವನ್ನು ಕರಿಬಸಪ್ಪನವರ ಕೊರಳಿಗೆ ಹಾಕಿದಳು. ಆ ತಪ್ಪು ಅವಳದು.

*

ಕಲ್ಲು ಒಣಗಿದೆ ಎಂದುಕೊಳ್ಳುವುದು ನಮ್ಮ ದಡ್ಡತನ; ಅದರೊಳಗೂ ನೀರಿರುತ್ತದೆ. ಪುಡಿ ಮಾಡಿ ತೂಗಬೇಕು, ಕುಲುಮೆಯಲ್ಲಿ ಕಾಯಿಸಬೇಕು, ಆರಿದ ಮೇಲೆ ಮತ್ತೆ ತೂಗಬೇಕು. ಕಡಿಮೆಯಾದ ತೂಕವೇ ನೀರು. ಆರುವಾಗ ಪುಡಿ ಗಾಳಿಯ ತೇವ ಕುಡಿಯದಂತೆ ಗಾಜಿನ ಜಾಡಿಯಲ್ಲಿ ಮುಚ್ಚಿಡುತ್ತಾರೆ. ಜಾಡಿಯ ತಳದಲ್ಲಿ ಹಾಕಿಟ್ಟ ಸಿಲಿಕಾದ ನೀಲಿ ಕಾಳುಗಳು ಆ ತೇವವನ್ನು ಹೀರಿ ಹೀರಿ ಗುಲಾಬಿಯಾಗುತ್ತವೆ. ಹುರಿದರೆ ಮತ್ತೆ ನೀಲಿ.

"ಕಾಳು ಹುರಿದಿಡು ತಂಗಿ," ಎಂದಿದ್ದರು ಕರಿಬಸಪ್ಪ. ಲ್ಯಾಬಿಗೆ ಹೊಸಬಳಾದ ಶೈಲಜಾ ಹೂಂಗುಟ್ಟಿ ಮರೆತಳು. ಪರೀಕ್ಷೆಗೆ ಬಂದಿದ್ದ ಜೇಡಿಮಣ್ಣಿನ ಪುಡಿ ತೇವ ಕುಡಿಯಿತು, ನೀರು ಕಡಿಮೆಯೆಂದು ವರದಿ ಹೋಯಿತು, ಅದನ್ನು ನಂಬಿದ ಪಿಂಗಾಣಿ ಕಾರ್ಖಾನೆಯಲ್ಲಿ ಒಂದು ಭಟ್ಟಿ ಮಾಲು ಬಿರಿಯಿತು. ವರದಿಯ ಕೆಳಗೆ ಕರಿಬಸಪ್ಪನವರ ಸಹಿ. ಮೆಮೊ ಓದಿ ಅವರು ಜಾಡಿಯ ಗುಲಾಬಿ ಕಾಳುಗಳತ್ತ ಒಮ್ಮೆ ನೋಡಿದರು, ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಅವಳು ಬಾಯಿ ಬಿಡಲಿಲ್ಲ.

*

ಮಣ್ಣು ಮಾಡಿ ಬಂದವರು ಹಿತ್ತಲ ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಿದ್ದರು. ಕರಿಬಸಪ್ಪನವರ ಹೆಂಡತಿ ಸಿದ್ದಮ್ಮ ಒಂದು ಸ್ಟೀಲ್ ಡಬ್ಬಿ ತಂದು ಶೈಲಜಾಳ ಮುಂದೆ ಹಿಡಿದರು.

"ನಿಮ್ಮ ಲ್ಯಾಬಿಂದವ್ವ. ಅವರ ಊಟದ ಚೀಲದಾಗಿತ್ತು. ನಿನ್ನೆ ಸಂಜಿ ನಮ್ಮ ಹಳೇ ಹಂಚಿನ ಮ್ಯಾಲೆ ಹುರದ್ರು. ಇದೇನ್ರೀ, ರೊಟ್ಟಿಗೆ ತಡ ಆತು ಅಂತ ಬೈದೆ. ಯಾರೋ ಹೊಸಬರು ಮರತಾರ, ಅಲ್ಲೇ ಹುರದ್ರ ಎಲ್ಲಾರಿಗೂ ತಿಳೀತೈತಿ, ಪಾಪ ಅವರ ಕೆಲಸಕ್ಕ ಕುತ್ತು ಅಂದ್ರು. ಹೆಸರು ಹೇಳ್ಲಿಲ್ಲ."

ಶೈಲಜಾ ಡಬ್ಬಿ ಈಸಿಕೊಂಡಳು. ಒದ್ದೆ ಕೈಯಿಂದಲೇ ಮುಚ್ಚಳ ತೆಗೆದಳು. ಡಬ್ಬಿಯ ತುಂಬ ಅಚ್ಚ ನೀಲಿ.

"ಮರೆತವಳು ನಾನೇ, ಅಮ್ಮ," ಎಂದಳು, ಮಲ್ಲಿಕ್‌ಗೆ ಕೇಳುವಷ್ಟು ಗಟ್ಟಿಯಾಗಿ. ಕೈ ಒರೆಸುತ್ತಿದ್ದ ಮಲ್ಲಿಕ್ ತಿರುಗಿ ನೋಡಿದರು.

ಸಿದ್ದಮ್ಮ ಅವಳ ಕೈಯ ಡಬ್ಬಿಯತ್ತ ಬೆರಳು ತೋರಿಸಿದರು.

"ಮುಚ್ಚಳ ಹಾಕವ್ವ," ಎಂದರು. "ಗಾಳಿ ತಾಗಿದ್ರ ಕೆಡತಾವಂತ."

ಅಷ್ಟರಲ್ಲಿ ವಾಲಿದ ಡಬ್ಬಿಯಿಂದ ಅವಳ ಒದ್ದೆ ಅಂಗೈಗೆ ನಾಲ್ಕು ಕಾಳು ಬಿದ್ದಿದ್ದವು. ಅವು ಚಿಟಿಚಿಟಿ ಬಿರಿಯುತ್ತ, ನೋಡನೋಡುತ್ತಲೇ ಗುಲಾಬಿಗೆ ತಿರುಗಿದವು.