ಓಡುತ್ತಿದ್ದ ಕಂಪ್ಯೂಟರಿಗೆ ನೀಲಿ ಬಣ್ಣ

ಮನೆಯೊಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದದ್ದು ಬಣ್ಣದ ಘಾಟು. ನನ್ನ ಕೋಣೆಯ ಗೋಡೆ, ಮೇಜು, ಕುರ್ಚಿ ಎಲ್ಲಕ್ಕೂ ಹಳೇ ಪೇಪರ್ ಅಂಟಿಸಿತ್ತು. ನಡುವೆ ನನ್ನ ಕಂಪ್ಯೂಟರಿನ ಡಬ್ಬ ನೀಲಿಯಾಗಿ ಮಿರಮಿರ ಮಿಂಚುತ್ತಿತ್ತು. ಪಕ್ಕದಲ್ಲಿ ಸ್ಪ್ರೇ ಹಿಡಿದ ಅಣ್ಣ, ಅವನ ಹಿಂದೆ ಅಮ್ಮ. ಬಹುಮಾನ ಕೊಡಲು ಬಂದ ಅತಿಥಿಗಳ ಹಾಗೆ ಇಬ್ಬರೂ ನಗುತ್ತಿದ್ದರು.

“ಹೇಗಿದೆ?” ಅಂದ ಅಣ್ಣ. ಅವನು ಕಾರುಗಳಿಗೆ ಬಣ್ಣ ಹೊಡೆಯುವವನು. ಬೀದಿಯ ಕೊನೆಯಲ್ಲಿ ಅವನದೇ ಶೆಡ್ ಇದೆ. “ಮೆಟಾಲಿಕ್ ಪೇಂಟ್ ಕಣೆ. ಕರೀ ಡಬ್ಬ ನೋಡಿ ನೋಡಿ ಬೇಜಾರಾಗಿತ್ತು.”

ಯಾರಿಗೆ ಬೇಜಾರಾಗಿತ್ತು? ನನಗಂತೂ ಆಗಿರಲಿಲ್ಲ. ನಾನು ನೋಡುತ್ತಿದ್ದದ್ದು ಪರದೆಯನ್ನು. ಅದು ಆರಿಹೋಗಿತ್ತು.

ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠದ ಆನಿಮೇಷನ್ ಮಾಡಿಕೊಡುವುದು ನನ್ನ ಕೆಲಸ. ಈಗ ಕೈಯಲ್ಲಿದ್ದದ್ದು ಹೃದಯದ ಕವಾಟವನ್ನು ಹೇಗೆ ಹೊಲಿದು ಸರಿಮಾಡುತ್ತಾರೆ ಎಂದು ತೋರಿಸುವ ಚಿತ್ರ. ಕೊನೆಯ ಭಾಗವನ್ನು ಕಂಪ್ಯೂಟರ್ ಹಿಂದಿನ ದಿನದಿಂದ ಒಂದೊಂದೇ ಚಿತ್ರವಾಗಿ ತಯಾರಿಸುತ್ತಿತ್ತು. ಅದನ್ನು ಮಾಡಿಸುತ್ತಿದ್ದ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು: ಇವತ್ತು ಸಂಜೆಯೊಳಗೆ ಕೈಸೇರದಿದ್ದರೆ ಇದೂ ಇಲ್ಲ, ಮುಂದಿನ ಪಾಠಗಳೂ ಬೇರೆಯವರಿಗೆ. ಬೆಳಿಗ್ಗೆ ಅವರನ್ನು ನೋಡಲು ಆಸ್ಪತ್ರೆಗೆ ಹೊರಟಾಗ ಮನೆಮಂದಿಗೆಲ್ಲ ಒಂದೇ ಮಾತು ಹೇಳಿದ್ದೆ, ಇದನ್ನು ಆಫ್ ಮಾಡಬೇಡಿ ಅಂತ.

“ಆಫ್ ಯಾಕೆ ಮಾಡ್ದೆ?”

“ನಾನೆಲ್ಲಿ ಮಾಡ್ದೆ? ಬೇಡ ಅಂತ ನೀನೇ ಹೇಳಿದ್ದೆಯಲ್ಲ! ಓಡ್ತಾ ಇದ್ದಾಗಲೇ ಹೊಡೆದೆ. ಆಮೇಲೆ ಅದಾಗೇ ನಿಂತೋಯ್ತು.”

“ಓಡ್ತಾ ಇದ್ದಾಗ? ಜಾಲರಿನಾದ್ರೂ ಮುಚ್ಚಿದ್ದೆಯಾ?”

“ಮುಚ್ಚಿದ್ರೆ ಬಿಸಿಯಾಗಲ್ವಾ? ಗಾಳಿಯಾಡ್ಲಿ ಅಂತ ಬಿಟ್ಟೆ. ಅಷ್ಟೂ ಗೊತ್ತಾಗಲ್ವಾ ನಂಗೆ?”

ಮೈಯೆಲ್ಲ ಉರಿದುಹೋಯಿತು. ಗೋಡೆಗೆ ಒಂದು ಹನಿ ಸಿಡಿಯದಂತೆ ಪೇಪರ್ ಹಚ್ಚಿದ ಪುಣ್ಯಾತ್ಮ, ಗಾಳಿ ಎಳೆದುಕೊಳ್ಳುವ ಫ್ಯಾನಿಗೆ ಮಾತ್ರ ಬಾಯಿ ತೆರೆದು ಬಿಟ್ಟಿದ್ದ. ಅವನು ಹೊಡೆದಷ್ಟು ಹೊತ್ತೂ ಅದು ಬಣ್ಣವನ್ನು ಕುಡಿದಿತ್ತು.

ವೈರು ಕಿತ್ತು, ಡಬ್ಬ ಬಿಚ್ಚಿದೆ. ಫ್ಯಾನಿನ ರೆಕ್ಕೆ, ಮದರ್‌ಬೋರ್ಡು, ಮೆಮೊರಿ ಕಾರ್ಡುಗಳು, ಎಲ್ಲದರ ಮೇಲೂ ನೀಲಿ ಧೂಳು. ಬರೀ ಬಣ್ಣವಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಮೆಟಾಲಿಕ್ ಅಂದರೆ ಅದರಲ್ಲಿ ಲೋಹದ ಪುಡಿ. ಚಿಪ್‌ಗಳ ಸಣ್ಣ ಸಣ್ಣ ಕಾಲುಗಳ ನಡುವೆ ಕೂತು ಕರೆಂಟು ಹಾಯಿಸಿಬಿಟ್ಟರೆ ಕತೆ ಮುಗಿದಂತೆ.

ಅಷ್ಟರಲ್ಲಿ ಅಣ್ಣ ಒಂದು ಬಟ್ಟೆಗೆ ಬಣ್ಣ ಕರಗಿಸುವ ಥಿನ್ನರ್ ಸುರಿದುಕೊಂಡು ಫ್ಯಾನ್ ಒರೆಸಿಯೇಬಿಟ್ಟ. ಪ್ಲಾಸ್ಟಿಕ್ ರೆಕ್ಕೆ ಬಿಳಿಚಿಕೊಂಡು ಬೆರಳಿಗೆ ಅಂಟತೊಡಗಿತು.

“ಮುಟ್ಟಬೇಡ! ಇನ್ನೊಂದು ಸಲ ಮುಟ್ಟಿದ್ರೆ ನೋಡು!”

“ಯಾಕೆ ಹಾಗೆ ಕಿರುಚ್ತೀಯೆ?” ಅಂದರು ಅಮ್ಮ. “ರಜೆ ದಿನ ಮಲಗೋದು ಬಿಟ್ಟು ನಿನಗೋಸ್ಕರ ಮಾಡಿದಾನೆ. ಒಂದು ಒಳ್ಳೆ ಮಾತಾಡೋಕೆ ಬಾಯಿಲ್ವಾ?”

ಇದು ನಮ್ಮ ಮನೆಯ ನ್ಯಾಯ. ಕೆಡಿಸಿದವನಿಗೆ ಬೇಜಾರಾಗಬಾರದು, ಯಾರ ವಸ್ತು ಕೆಟ್ಟಿತೋ ಅವರು ನಗುತ್ತಾ ಇರಬೇಕು.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬೋರ್ಡನ್ನು ಇಟ್ಟೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ, ಒಂದೇ ದಿಕ್ಕಿಗೆ ಒಂದು ಸಲ ಎಳೆದು, ಎಸೆದು, ಹೊಸದು ತೆಗೆದುಕೊಂಡೆ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಬಣ್ಣ ಹೋಗುವುದಿಲ್ಲ, ಹರಡುತ್ತದೆ. ಸಂದಿಗಳಿಗೆ ಹಲ್ಲುಕಡ್ಡಿ, ಅಗಲದ ಜಾಗಕ್ಕೆ ಮೆತ್ತನೆಯ ಬ್ರಷ್ಷು. ಪುಣ್ಯಕ್ಕೆ ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಮೆಮೊರಿ ಕಾರ್ಡಿನ ಚಿನ್ನದ ಅಂಚು ಮತ್ತೆ ಹೊಳೆಯುವ ಹೊತ್ತಿಗೆ ಕತ್ತು ಹಿಡಿದುಕೊಂಡಿತ್ತು, ಮನಸ್ಸಿನಲ್ಲಿ ಬೈಗುಳದ ದಾಸ್ತಾನೂ ಮುಗಿದಿತ್ತು.

ಅಣ್ಣ ಹೊಸಿಲಲ್ಲೇ ನಿಂತಿದ್ದ. “ಇಷ್ಟಕ್ಕೆಲ್ಲ ಇಷ್ಟೊಂದು ಸಿಟ್ಟಾ?”

“ನಿನ್ನ ಶೆಡ್ಡಲ್ಲಿ ಹಸಿ ಬಣ್ಣದ ಮೇಲೆ ಬೆರಳಿಟ್ಟ ಗಿರಾಕಿಗೆ ನೀನೇನು ಮಾಡ್ದೆ?”

“ಕತ್ತು ಹಿಡಿದು ಆಚೆ ತಳ್ಳಿದೆ. ಅದು ಕೆಲಸ ಕಣೆ!”

ಹೇಳಿಬಿಟ್ಟ ಮೇಲೆ ತನ್ನ ಮಾತು ಅವನಿಗೇ ಕೇಳಿಸಿತೇನೋ, ನನ್ನ ಕೈಯಲ್ಲಿದ್ದ ಕಡ್ಡಿಯನ್ನು ನೋಡಿದ. ನಾನು ತಲೆಯೆತ್ತಿ ನೋಡಿದೆ, ಅಷ್ಟೇ. ಇಷ್ಟು ವರ್ಷ ಈ ಕೋಣೆಯಲ್ಲಿ ನಾನು ಮಾಡುತ್ತಿದ್ದದ್ದು ಏನು ಅಂದುಕೊಂಡಿದ್ದ ಅವನು? ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ರೋಷಕ್ಕೆ. ಬೋರ್ಡಿನ ಮೇಲೆ ಬೀಳದಂತೆ ತೋಳಿನಿಂದ ಒರೆಸಿಕೊಂಡು ಮತ್ತೆ ಕಡ್ಡಿ ಅದ್ದಿದೆ.

ಎಲ್ಲ ಒಣಗಿದ ಮೇಲೆ ಜೋಡಿಸಿದೆ. ಹಾಳಾದ ಫ್ಯಾನಿನ ಬದಲು ಮೇಜಿನ ಫ್ಯಾನನ್ನೇ ಎದುರಿಗೆ ತಿರುಗಿಸಿದೆ. ನೀಲಿ ಮುಚ್ಚಳಗಳನ್ನು ಹಾಕಲಿಲ್ಲ. ಗುಂಡಿ ಒತ್ತಿದರೆ ಸದ್ದೇ ಇಲ್ಲ. ಮತ್ತೆ ಒತ್ತಿದೆ, ಒಮ್ಮೆ ಗುಂಯ್ ಅಂದು ಸುಮ್ಮನಾಯಿತು. ಮೆಮೊರಿ ಕಾರ್ಡುಗಳನ್ನು ಕಿತ್ತು, ಕೂರುವ ಸಂದಿಯನ್ನು ಇನ್ನೊಮ್ಮೆ ಒರೆಸಿ, ಒತ್ತಿ ಕೂರಿಸಿದೆ. ಈ ಸಲ ಪರದೆ ಬೆಳಗಿತು. ಮಾಡಿದಷ್ಟೂ ಚಿತ್ರಗಳು ಹಾಗೇ ಉಳಿದಿದ್ದವು. ನಿಂತಲ್ಲಿಂದಲೇ ಮುಂದಕ್ಕೆ ಓಡಿಸಿದೆ. ಲೆಕ್ಕ ಹಾಕಿದರೆ ಸಂಜೆಗೆ ಸರಿಯಾಗಿ ಮುಟ್ಟುತ್ತಿತ್ತು, ನಡುವೆ ಯಾರೂ ಏನೂ ಉಪಕಾರ ಮಾಡದಿದ್ದರೆ.

ನೀಲಿ ಮುಚ್ಚಳಗಳನ್ನು ತಂದು ಅಣ್ಣನ ಕೈಗಿಟ್ಟೆ. “ಇವನ್ನ ನಿನ್ನ ಶೆಡ್ಡಿಗೆ ತಗೊಂಡ್ಹೋಗು.”

“ಬಂದೋರು ನೋಡಿದ್ರೆ ಏನನ್ಕೋತಾರೆ, ಹೊಟ್ಟೆ ಬಗೆದ ಹಾಗಿದೆ ಅದು,” ಅಂದರು ಅಮ್ಮ. ನಾನು ಬಾಗಿಲು ಹಾಕಿಕೊಂಡೆ.

ಹೊತ್ತು ಇಳಿಯುತ್ತಿತ್ತು. ಪರದೆಯ ಮೇಲೆ ಸೂಜಿ ಕವಾಟದ ಅಂಚನ್ನು ದಾಟುತ್ತಿರುವಾಗ ಟಕ್ ಟಕ್ ಎಂದು ಸದ್ದಾಯಿತು. ಮಷೀನಿನ ಒಳಗೇ ಏನೋ ಬಡಿಯುತ್ತಿದೆ ಅಂದುಕೊಂಡೆ. ಅಲ್ಲ, ಅದು ಬಾಗಿಲು. ಈ ಮನೆಯಲ್ಲಿ ನನ್ನ ಬಾಗಿಲನ್ನು ಯಾರೂ ತಟ್ಟಿದವರಲ್ಲ, ತಳ್ಳಿಕೊಂಡೇ ಬರುವವರು.

“ಬರ್ಲಾ?” ಅಣ್ಣನ ದನಿ.

“ಬೇಡ,” ಅಂದೆ. ಸಿಟ್ಟು ಇನ್ನೂ ಹಾಗೇ ಇತ್ತು.

“ಸರಿ.”

ಹೆಜ್ಜೆ ಹಿಂದಕ್ಕೆ ಹೋಯಿತು. “ಏನಂತೆ?” ಅಂತ ಅಮ್ಮ ಕೇಳಿದ್ದು ಕೇಳಿಸಿತು. “ಕೆಲಸದಲ್ಲಿದ್ದಾಳೆ. ಮೆತ್ತಗೆ ಮಾತಾಡು,” ಅಂದ ಅಣ್ಣ.