ವಡಿವುವಿನ ಮೊಳ

ವಡಿವು ಕೆಲಸ ಕೇಳಿಕೊಂಡು ಬಂದಾಗ ನಾನು ಎಲ್ಲವನ್ನೂ ಪರೀಕ್ಷೆ ಮಾಡಿದೆ. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿಸಿ ನೋಡಿದೆ, ಬೆರಳು ಚುರುಕಾಗಿತ್ತು. ಕೂಗಿಸಿ ನೋಡಿದೆ, ಸಿಮ್ಮಕ್ಕಲ್ ತಿರುವಿನ ಬಸ್ಸಿನಲ್ಲಿದ್ದವರೂ ತಿರುಗಿ ನೋಡಿದರು. ಅಂಗಡಿ ಒಪ್ಪಿಸಿ ಅರ್ಧ ಗಂಟೆ ಮರೆಯಾದೆ, ಒಂದು ಮೊಗ್ಗೂ ಕದಲಿರಲಿಲ್ಲ. ನೋಡದೆ ಬಿಟ್ಟದ್ದು ಒಂದೇ, ಅವಳ ಕೈ ಎಷ್ಟು ಉದ್ದ ಎಂಬುದು.

ನಮ್ಮದು ಮೊಳದ ವ್ಯಾಪಾರ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ, ಮಾರುವವಳ ಕೈಯೇ ಅಳತೆ. ನಾನು ಕುಳ್ಳಿ. ಆದರೂ ಇಪ್ಪತ್ತೆರಡು ವರ್ಷ ನನ್ನ ಮೊಳವನ್ನು ಯಾರೂ ಆಡಿಕೊಂಡಿರಲಿಲ್ಲ, ಪಕ್ಕದಲ್ಲಿ ಇನ್ನೊಂದು ಕೈ ಇರಲಿಲ್ಲವಲ್ಲ. ಮದುವೆ ತಿಂಗಳಲ್ಲಿ ಕಟ್ಟುವುದು, ಮಾರುವುದು ಎರಡೂ ಒಬ್ಬಳಿಂದ ಆಗದೆ, ಗಿರಾಕಿಗಳು ಎದುರಂಗಡಿಗೆ ದಾಟತೊಡಗಿದ್ದರಿಂದ ಮೊದಲ ಸಲ ಒಬ್ಬಳನ್ನು ಇಟ್ಟುಕೊಂಡೆ.

ಮೂರನೆಯ ದಿನವೇ ಸೌಂದರವಲ್ಲಿ ಟೀಚರ್ ಬಂದು, "ಪೇಚಿ, ನೀನು ಕಟ್ತಾ ಇರು. ಆ ಹುಡುಗಿ ಅಳೆದು ಕೊಡ್ಲಿ" ಎಂದರು.

"ಯಾಕೆ ಟೀಚರಮ್ಮಾ, ನನ್ನ ಕೈಗೇನಾಗಿದೆ?"

"ಏನೂ ಆಗಿಲ್ಲ ಕಣೇ, ಅದು ಬೆಳೆದೇ ಇಲ್ಲ!"

ನಿಂತಿದ್ದವರೆಲ್ಲ ನಕ್ಕರು. ವಡಿವು ನಗಲಿಲ್ಲ, ಅದಕ್ಕೂ ನನಗೆ ಉರಿಯಿತು. ಈ ಟೀಚರ ದೊಡ್ಡ ಮಗಳ ಮದುವೆಗೂ ಸೀಮಂತಕ್ಕೂ ಹೂವು ಹೋಗಿದ್ದು ನನ್ನ ಕೈಯಿಂದ. 'ಪೇಚಿಯ ಕೈಗುಣ' ಎಂದು ಬೀದಿಗೆಲ್ಲ ಹೇಳಿದವರೂ ಅವರೇ. ಮುಂದಿನ ಶುಕ್ರವಾರ ಚಿಕ್ಕ ಮಗಳ ನಿಶ್ಚಿತಾರ್ಥ. ಆ ಹೂವನ್ನೂ ವಡಿವುವೇ ಅಳೆದರೆ ನಾನು ಈ ಅಂಗಡಿಯಲ್ಲಿ ಯಾರು?

ತಡೆಯಲಾಗಲಿಲ್ಲ. ನನ್ನ ಮೊಳಕ್ಕೆ ಒಂದು ಗೇಣು ಸೇರಿಸಿ ಕೊಡತೊಡಗಿದೆ. ಹನ್ನೊಂದು ಗಂಟೆಗೆಲ್ಲ ಬುಟ್ಟಿ ಖಾಲಿ.

"ಏನೇ, ನಿನ್ನ ಪೈಪೋಟಿ ಎದುರಂಗಡಿ ಮೇಲೋ, ನಮ್ಮ ಹುಡುಗಿ ಮೇಲೋ?" ಎಂದ ಗಂಡ ಸೋಲೈಮಲೈ.

"ನೀವು ಸುಮ್ನೆ ಹೂವಿಗೆ ನೀರು ಚಿಮುಕಿಸಿ."

ಮಧ್ಯಾಹ್ನ ವಡಿವು ತನ್ನ ಪುಳಿಯೋಗರೆಯಲ್ಲಿ ನನಗೂ ಪಾಲು ಕೊಟ್ಟಳು. ರುಚಿಯಾಗಿತ್ತು. ಉಪ್ಪು ಜಾಸ್ತಿ ಎಂದೆ. ಮರುದಿನ ಉಪ್ಪು ಕಡಿಮೆ ಮಾಡಿ ತಂದಳು, ಸಪ್ಪೆ ಎಂದೆ. ನಿಶ್ಚಿತಾರ್ಥದ ಹೂವು ನನ್ನ ಕೈಯಿಂದಲೇ ಕೊಟ್ಟು, ಶನಿವಾರ ಇವಳನ್ನು ಕಳಿಸಿಬಿಡುವುದು ಎಂದು ತೀರ್ಮಾನಿಸಿದೆ.

ಶುಕ್ರವಾರ ಟೀಚರ್ ಮಗಳ ಜೊತೆ ಬಂದರು. ನಾನು ಹೂವಿನ ದಂಡೆ ಕೈಗೆತ್ತಿಕೊಂಡು ಎದ್ದು ನಿಂತಿದ್ದೆ. ಅವರು ನನ್ನನ್ನು ದಾಟಿ ನೋಡಿದರು.

"ವಡಿವು, ಹತ್ತು ಮೊಳ. ನೀನೇ ಅಳೆದು ಕೊಡಮ್ಮ."

ದಂಡೆಯನ್ನು ಅವಳ ಮಡಿಲಿಗೆ ಎಸೆದೆ. ಅವಳು ಒಂದು ತುದಿಯನ್ನು ಮೊಣಕೈಗೆ ಇಟ್ಟುಕೊಂಡು ಎಳೆದಳು. ಬೆರಳ ತುದಿಯವರೆಗೆ ಹೋಗಲಿಲ್ಲ. ನಾಲ್ಕೂ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಿದ್ದಳು.

"ಏನೇ ಇದು, ರಾತ್ರೋರಾತ್ರಿ ಕೈ ಮೋಟಾಯ್ತಾ?" ಟೀಚರ್ ಕೇಳಿದರು.

"ಈ ಅಂಗಡೀಲಿ ಪೇಚಿಯಕ್ಕನ ಮೊಳಾನೇ ಮೊಳ, ಟೀಚರಮ್ಮಾ. ಒಳ್ಳೇ ಕೆಲಸದ ಹೂವು, ಅಕ್ಕನ ಕೈಯಿಂದ ಹೋದ್ರೇನೇ ಚೆಂದ" ಎಂದು ವಡಿವು ದಂಡೆಯನ್ನು ನನ್ನ ಕಡೆ ನೀಡಿದಳು.

ಹಾಗಾದರೆ ಎಲ್ಲ ಗೊತ್ತಿತ್ತು ಅವಳಿಗೆ, ನನ್ನ ಗೇಣೂ ಗೊತ್ತು, ಉಪ್ಪೂ ಗೊತ್ತು. ನಾನು ಬಯಸಿದ್ದೇ ಕೈಗೆ ಬಂದಿತ್ತು. ಖುಷಿಯಾಗಬೇಕಿತ್ತು, ಹೊಟ್ಟೆ ಇನ್ನೂ ಜೋರಾಗಿ ಉರಿಯಿತು. ಇಷ್ಟು ದಿನ ಇವಳ ಕೈ ಮಾತ್ರ ನನಗಿಂತ ಉದ್ದ ಎಂದುಕೊಂಡಿದ್ದೆ.

"ಬೆರಳು ಬಿಡಿಸೇ!" ಎಂದು ಗದರಿದೆ. "ದೇವರು ಕೊಟ್ಟ ಕೈಯನ್ನ ಯಾಕೆ ಮಡಚ್ತೀಯ? ಹತ್ತೂ ನೀನೇ ಅಳೆ. ನಾಳೆನೂ ಬೇಗ ಬಾ, ಕನಕಾಂಬರ ಜಾಸ್ತಿ ಬರುತ್ತೆ."

ಅವಳು ಬೆರಳು ಬಿಡಿಸಿ ಹತ್ತು ಮೊಳ ಅಳೆದಳು. ಮೇಲೆ ಪುಕ್ಕಟೆ ಕೊಡುವ ಕೊಸರಿಗೆ ಮಾತ್ರ ಅವಳನ್ನು ಬಿಡಲಿಲ್ಲ. ಹನ್ನೊಂದನೆಯ ಮೊಳವನ್ನು ನನ್ನ ಮೋಟುಕೈಯಲ್ಲಿ ನಾನೇ ಅಳೆದು, ಟೀಚರ ಮಗಳ ಮುಡಿಗೆ ನಾನೇ ಮುಡಿಸಿದೆ.