ಹುಡುಕಿದ ಖರ್ಚು

"ಇದನ್ನ ಕಟ್ಟೋಕೆ ಯಾರನ್ನ ಕೇಳಿದ್ರಿ?" ಪೀಲ್ ಬೂಟಿನ ತುದಿಯಿಂದ ಅಡುಗೆಮನೆಯ ಗೋಡೆಯನ್ನು ಒದ್ದು ನೋಡಿದ.

"ನನ್ ಗಂಡನ್ನ."

"ಅವರನ್ನ ಕರೀರಿ."

"ಸತ್ತು ಬೋ ವರ್ಷ ಆಯ್ತು. ನೀನೇ ಕೂಗು. ಬಂದ್ರೆ ನಂಗೂ ಒಸಿ ಕೆಲ್ಸ ಐತೆ," ಎಂದಳು ವಿನ್ನಿ.

ಪೀಲ್ ನಗಲಿಲ್ಲ. ಅಪ್ಪಣೆಯಿಲ್ಲದೆ ಕಟ್ಟಿದ ಅಡುಗೆಮನೆ, ದಂಡ ಪ್ರತ್ಯೇಕ ಎಂದು ಫೋನಿನಲ್ಲಿ ಒತ್ತಿಕೊಂಡ.

ಇಂಗ್ಲೆಂಡಿನ ಓಲ್ಡಂನ ಆ ಏರುಬೀದಿಯ ಸಾಲುಮನೆಗಳೆಲ್ಲ ಹಳೆಯ ಹತ್ತಿಗಿರಣಿ ಕೂಲಿಗಳವು. ಗೋಡೆ, ಮಾಡು ಅವರವು. ಕೆಳಗಿನ ನೆಲ ಮಾತ್ರ ಬೇರೆಯವರದು, ಒಂಬೈನೂರ ತೊಂಬತ್ತೊಂಬತ್ತು ವರ್ಷದ ಗೇಣಿ. ಹಿಂದೆ ಚರ್ಮದ ಚೀಲದ ಮುದುಕನೊಬ್ಬ ವರ್ಷಕ್ಕೊಮ್ಮೆ ಬಂದು, ಚಹಾ ಕುಡಿದು, ನೆಲದ ಗೇಣಿ ನಾಲ್ಕು ಪೌಂಡು ಇಸಿದುಕೊಂಡು ಹೋಗುತ್ತಿದ್ದ. ಅವನು ಸತ್ತ ಮೇಲೆ ಯಾರೂ ಬರಲಿಲ್ಲ, ಯಾರೂ ಕೇಳಲಿಲ್ಲ. ಈ ವಸಂತದಲ್ಲಿ ಲಂಡನ್ನಿನ ಕಂಪನಿಯೊಂದು ಇಡೀ ಸಾಲಿನ ನೆಲವನ್ನು ಹರಾಜಿನಲ್ಲಿ ಹಿಡಿದು, ಪೀಲನನ್ನು ವಸೂಲಿಗೆ ಬಿಟ್ಟಿತ್ತು. ಆರು ವರ್ಷದ ಬಾಕಿ ಇಪ್ಪತ್ತನಾಲ್ಕು ಪೌಂಡು. ಅದರ ಮೇಲೆ ಕಾಗದ ಬರೆದ ಖರ್ಚು, ಗೇಣಿದಾರಳನ್ನು ಹುಡುಕಿದ ಖರ್ಚು ಸೇರಿ ಏಳುನೂರು. ಕೊಡದಿದ್ದರೆ ಮನೆಯೇ ಕಂಪನಿಗೆ.

ಎದುರುಮನೆಯ ತಾಹಿರಾಳ ಪಾಲನ್ನು ಅವಳ ಬ್ಯಾಂಕು, ಅಡವಿಟ್ಟ ಮನೆ ಕೈತಪ್ಪೀತೆಂದು, ಅವಳನ್ನೊಂದು ಮಾತೂ ಕೇಳದೆ ಕಟ್ಟಿ, ಮನೆಸಾಲಕ್ಕೆ ಹೇರಿತ್ತು. ಗಂಡ ಈಗ ಭಾನುವಾರವೂ ಟ್ಯಾಕ್ಸಿ ಓಡಿಸುತ್ತಿದ್ದ. ಇದು ಯಾವ ನ್ಯಾಯ ಎಂದು ಕೇಳಲು ಹೋದ ಅವಳಿಗೆ ಪೀಲ್ ಕಿವುಡರಿಗೆ ಹೇಳುವಂತೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ, ಇಂಗ್ಲಿಷ್ ತಿಳಿಯುತ್ತದೆಯೇ ಎಂದಿದ್ದ. ತಾಹಿರಾ ಹುಟ್ಟಿದ್ದು ಅದೇ ಬೀದಿಯಲ್ಲಿ. "ತಿಳೀತದೆ. ಕಳ್ತನಕ್ಕೂ ಅದ್ರಲ್ಲಿ ಒಂದ್ ಪದ ಐತೆ," ಎಂದಿದ್ದಳು.

ವಿನ್ನಿ ಇಪ್ಪತ್ತನಾಲ್ಕು ಪೌಂಡನ್ನು ಮೇಜಿನ ಮೇಲಿಟ್ಟು ರಸೀದಿ ಕೇಳಿದಳು. ಬಿಡಿಬಿಡಿಯಾಗಿ ತೆಗೆದುಕೊಳ್ಳುವುದಿಲ್ಲ ಎಂದ ಪೀಲ್, ಬೀರುವಿನ ಬಾಗಿಲು ತೆರೆದು ಅವಳ ಪಾತ್ರೆಗಳನ್ನು ನೋಡಿದ. "ಇದಿಷ್ಟೇನಾ? ಖಾಲಿ ಮಾಡೋಕೆ ಒಂದು ಗಂಟೆ ಸಾಕು."

ಗಿರಣಿ ಕೆಡವಿದಾಗ ಅದರದೇ ಇಟ್ಟಿಗೆಗಳನ್ನು ಮಗುವಿನ ತಳ್ಳುಗಾಡಿಯಲ್ಲಿ ಹೇರಿ ತಂದು ಗಂಡ ಕ್ಲಿಫ್ ಆ ಅಡುಗೆಮನೆ ಕಟ್ಟಿದ್ದ. ಮೆಟ್ಟಿಲು ಹತ್ತಲಾಗದೆ ಹೋದಾಗ ಅಲ್ಲೇ ಮಂಚ ಹಾಕಿಸಿಕೊಂಡು, ಒಲೆಯ ಬಿಸಿಗೆ ಮೈಯೊಡ್ಡಿಕೊಂಡೇ ಸತ್ತಿದ್ದ. ವಿನ್ನಿ ಕಿಟಕಿಯತ್ತ ತಿರುಗಿದಳು. ಮನೆಯ ಪಕ್ಕದ ತನ್ನ ಅಂಗಳದಲ್ಲಿ, ಅವಳು ಬಟ್ಟೆ ಒಣಹಾಕುವಲ್ಲಿ, ಪೀಲನ ಕಾರು ನಿಂತಿತ್ತು.

ಅವಳು ಹೊರಗೆ ಹೋಗಿ ಗೇಟು ಎಳೆದು, ಸರಪಳಿ ಸುತ್ತಿ ಬೀಗ ಜಡಿದಳು. ಪೀಲ್ ಓಡಿ ಬಂದ.

"ತೆಗೀರಿ ಗೇಟು."

"ಯಾರನ್ನ ಕೇಳಿ ನಿಲ್ಲಿಸ್ದೆ?"

"ಈ ನೆಲ ನಮ್ಮ ಕಂಪನೀದು."

"ನಿಮ್ದೇ, ಯಾರ್ ಇಲ್ಲ ಅಂದೋರು? ಗೇಣಿ ನಂದು. ನಿಲ್ಲಿಸಿದ್ದಕ್ಕೆ ಬಾಡ್ಗೆ ಮಡಗು. ಅಪ್ಪಣೆ ಕೇಳ್ದೆ ಇದ್ದುದ್ಕೆ ದಂಡ. ಆಮ್ಯಾಕೆ ನಿನ್ನ ಹುಡ್ಕಿದ್ ಖರ್ಚು."

"ನಾನು ಇಲ್ಲೇ ಇದೀನಲ್ರೀ."

"ನಾನೂ ಇಲ್ಲೇ ಇದ್ನಲ್ಲೋ ಮುಂಡೇದೆ, ನಲವತ್ತಾರ್ ವರ್ಷ."

ಪೀಲ್ ಪೊಲೀಸರನ್ನು ಕರೆಸಿದ. ಬಂದ ಪೇದೆ ಬೀಗ ನೋಡಿದ, ಕಾರು ನೋಡಿದ, ಇಬ್ಬರ ಮಾತನ್ನೂ ಕೇಳಿದ. ಇದು ಸಿವಿಲ್ ವ್ಯಾಜ್ಯ, ವಕೀಲರನ್ನು ಕಾಣಿ ಎಂದ. ಗೇಣಿಕಾಗದ ಹಿಡಿದು ಠಾಣೆಗೆ ಹೋದಾಗ ತಾಹಿರಾಳಿಗೂ ಇದೇ ಮಾತು ಸಿಕ್ಕಿತ್ತು. ಅವಳು ತನ್ನ ಮನೆಬಾಗಿಲಲ್ಲಿ ನಿಂತು, ಮುಸುಕಿನ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಪೀಲ್ ಮಳೆಯಲ್ಲಿ ನೆನೆಯುತ್ತ ಫೋನು ಕಿವಿಗಿಟ್ಟುಕೊಂಡು ಇಳಿಜಾರಿನಲ್ಲಿ ನಡೆದುಹೋದ.

ವಿನ್ನಿ ಬೀಗವನ್ನು ಇನ್ನೊಮ್ಮೆ ಜಗ್ಗಿ ನೋಡಿದಳು. "ಕೋರ್ಟ್ ಕಾಗ್ದ ಬತ್ತದಲ್ಲ ಆಂಟಿ," ಎಂದಳು ಬೀದಿ ದಾಟಿ ಬಂದ ತಾಹಿರಾ.

"ಬತ್ತದೆ. ಬರ್ದೇ ಇರಕ್ಕೆ ಅವ್ರೇನ್ ನಮ್ ನೆಂಟ್ರಾ?"

ವಿನ್ನಿ ಒಳಗಿನಿಂದ ಕುರ್ಚಿ ಎಳೆತಂದು ಗೇಟಿಗೆ ಬೆನ್ನು ಹಾಕಿ ಕೂತಳು. ತಾಹಿರಾ ಕೊಡೆ ಬಿಚ್ಚಿ ಪಕ್ಕದಲ್ಲೊಂದು ಸ್ಟೂಲು ಹಾಕಿಕೊಂಡಳು. ಸಾಲಿನ ಒಂದೊಂದೇ ಬಾಗಿಲು ತೆರೆದು, ಇನ್ನಷ್ಟು ಕುರ್ಚಿಗಳು ಹೊರಬಂದವು. ಸಂಜೆಗೆ ಏರಿನ ಬುಡದಲ್ಲಿ ಕಾರು ಎಳೆದೊಯ್ಯಲು ಪೀಲ್ ಕರೆಸಿದ ಲಾರಿಯ ಹಳದಿ ದೀಪ ತಿರುಗುತ್ತ ಮೇಲಕ್ಕೆ ಹತ್ತತೊಡಗಿತು. ಯಾರೂ ಏಳಲಿಲ್ಲ.